ಕೇಳಿಸಲಿಲ್ಲ ಎಂದುಕೊಂಡ ಮಾತು

ಕುಮಟಾ ಪೇಟೆಯಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಇಪ್ಪತ್ತೆಂಟು ವರ್ಷದಿಂದ ಅದರೊಳಗೇ ನಿಂತಿದ್ದೇನೆ. ಅಕ್ಕಿ, ಗೋಧಿ, ರಾಗಿ ಬೀಸುತ್ತೇನೆ. ಚೌತಿ ಬಂದರೆ ಚಕ್ಕುಲಿ ಹಿಟ್ಟು, ಮನೆಗೆ ನೆಂಟರು ಬರುವವರಿದ್ದರೆ ವಡೆ ಹಿಟ್ಟು. ನನ್ನ ಹುಬ್ಬು ಮೂವತ್ತನೆಯ ವಯಸ್ಸಿಗೇ ಬೆಳ್ಳಗಾಗಿತ್ತು. ಸಂಜೆ ಮುಖ ತೊಳೆದರೆ ಮತ್ತೆ ಕಪ್ಪಾಗುತ್ತಿತ್ತು. ಈಗ ತೊಳೆದರೂ ಬೆಳ್ಳಗೇ ಇರುತ್ತದೆ.

ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೋಟಾರು ನಿಂತಿತು, ಬೆಲ್ಟು ಕೊನೆಯ ಸುತ್ತು ಹಾಕಿ ಸುಮ್ಮನಾಯಿತು. ಡಬ್ಬಿ ಹಿಡಿದು ಕಾಯುತ್ತಿದ್ದವರೊಬ್ಬರು, "ಅಬ್ಬ, ಕಿವಿಗೆ ತಂಪಾತು" ಎಂದರು. ನನ್ನ ಕಿವಿಯಲ್ಲಿ ಮಾತ್ರ ಏನೋ ಕೂಗುತ್ತಲೇ ಇತ್ತು.

"ಎಲ್ಲಿ ಕೂಗ್ತದೆ ಈ ಜೀರುಂಡೆ?" ಎಂದು ಕೇಳಿದೆ.

"ಎಂತ ಜೀರುಂಡೆ?" ಎಂದರು ಅವರು. "ಎಂತದೂ ಕೂಗ್ತಿಲ್ಲ."

ನಾನು ಹೊರಗೆ ಬಂದು ರಸ್ತೆ ಬದಿಯ ಮರದ ಕೆಳಗೆ ನಿಂತು ನೋಡಿದೆ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನೋಡಿದೆ. ಜೀರುಂಡೆ ನನ್ನ ಜೊತೆಗೇ ಬಂತು. ಅಂದಿನಿಂದ ಇಂದಿನವರೆಗೆ ಅದು ಒಂದು ಕ್ಷಣವೂ ನಿಂತಿಲ್ಲ.

ಹೊನ್ನಾವರದಲ್ಲಿ ಕಿವಿ ಡಾಕ್ಟರರೊಬ್ಬರಿಗೆ ತೋರಿಸಿದೆ. ಅವರು ಚಿಕ್ಕ ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಶಬ್ದ ಕೇಳಿದರೆ ಬೆರಳೆತ್ತಲು ಹೇಳಿದರು. ಎಷ್ಟೋ ಸಲ ನಾನು ಬೆರಳೆತ್ತಿದ್ದು ನನ್ನ ಜೀರುಂಡೆಗೇ ಇರಬೇಕು. ಗಿರಣಿಯ ಸದ್ದಿಗೆ ಒಳಗಿನ ನರ ಸವೆದಿದೆ, ಸಣ್ಣ ದನಿಗಳು ಕೇಳಿಸುವುದಿಲ್ಲ, ಈ ಕೂಗಿಗೆ ಮದ್ದಿಲ್ಲ, ರೂಢಿ ಮಾಡಿಕೊಳ್ಳಬೇಕು ಎಂದರು. ಕಿವಿಗೆ ಮಿಷನ್ ಹಾಕಿಕೊಂಡರೆ ಮಾತು ಸ್ಪಷ್ಟವಾಗುತ್ತದೆ ಎಂದೂ ಹೇಳಿದರು. ನನಗಾಗ ನಲವತ್ತರ ಆಸುಪಾಸು. ಗಿರಣಿಗೆ ಬರುವವರೆದುರು ಕಿವುಡನೆನಿಸಿಕೊಳ್ಳಲು ನಾಚಿಕೆಯಾಯಿತು. ಹಾಕಿಕೊಳ್ಳಲಿಲ್ಲ.

ಆದರೆ ಮನೆಯಲ್ಲಿ "ಇವರಿಗೆ ಕೇಳೂದಿಲ್ಲ" ಎಂಬ ಮಾತು ನಿಂತುಬಿಟ್ಟಿತು. ಹೆಂಡತಿ ಕರೆದಾಗ ಓಗೊಡದಿದ್ದರೂ ನಡೆಯಿತು, ಬೇಡದ ಪ್ರಶ್ನೆಗೆ ಉತ್ತರ ಕೊಡದಿದ್ದರೂ ನಡೆಯಿತು. ಇದರಲ್ಲಿ ನನಗೊಂದು ಅನುಕೂಲವಿದೆ ಎಂದು ಆಗ ನನಗೇ ತಿಳಿದಿರಲಿಲ್ಲ ಎಂದು ಬರೆಯುವ ಆಸೆಯಾಗುತ್ತಿದೆ. ತಿಳಿದಿತ್ತು. ಪೂರ್ತಿ ನೋಡಿರಲಿಲ್ಲ, ಅಷ್ಟೇ.

ಆ ಕೂಗು ನನ್ನನ್ನು ಸಿಡುಕನನ್ನಾಗಿ ಮಾಡಿತು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೀನು ಮಾರುವ ಮುದುಕಿಯೊಬ್ಬಳು ಅಕ್ಕಿ ತಂದಿದ್ದಳು. ತೊಳೆದು ಸರಿಯಾಗಿ ಒಣಗಿಸಿರಲಿಲ್ಲ. ಹಸಿ ಅಕ್ಕಿ ಕಲ್ಲಿಗೆ ಹಿಡಿಯುತ್ತದೆ. ಮತ್ತೆ ಯಂತ್ರ ಬಿಚ್ಚಿ ಕೆರೆಯಬೇಕು. ಅವಳು ಎರಡು ಸಲ, "ಬಸ್ಸಿನ ಹೊತ್ತಿಗೆ ಆತದಾ?" ಎಂದು ಕೇಳಿದಳು. ಮೂರನೆಯ ಸಲ ಕೇಳಿದಾಗ ನಾನು ಅವಳ ಡಬ್ಬಿಯ ಮುಚ್ಚಳ ತೆಗೆದು ಹೊರಗೆ ಎಸೆದೆ. ಏನು ಕೂಗಿದೆನೋ ನೆನಪಿಲ್ಲ. ಅವಳು ಅಂಗಳಕ್ಕೆ ಇಳಿದು, ಮುಚ್ಚಳ ಹೆಕ್ಕಿ ಸೆರಗಿನಿಂದ ಒರೆಸಿ, ಡಬ್ಬಿಗೆ ಹಾಕಿಕೊಂಡು ಹೋದಳು.

ಅಲ್ಲೇ ಬೆಂಚಿನ ಮೇಲೆ ಅಕ್ಕೋರು ಕೂತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ನಿವೃತ್ತರಾದರೂ ಆ ಹೆಸರು ಹೋಗುವುದಿಲ್ಲ. ಇವರು ಪ್ರಾಥಮಿಕ ಶಾಲೆಯಲ್ಲಿ ಮೂವತ್ತೈದು ವರ್ಷ ಕಲಿಸಿದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹದಿನೈದು ದಿನಕ್ಕೊಮ್ಮೆ ರಾಗಿ ತರುತ್ತಿದ್ದರು. ಬುದ್ಧನ ಧ್ಯಾನ ಮಾಡುತ್ತಾರೆ ಎಂದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರು ಧರ್ಮ ಬಿಟ್ಟಿದ್ದಾರೆಂದು ಕೆಲವರು ಹೇಳುತ್ತಿದ್ದರು. ಅವರ ಮನೆಯ ತುಳಸಿಗೆ ದಿನವೂ ದೀಪವಿರುತ್ತಿದ್ದದ್ದು ನಾನೇ ನೋಡಿದ್ದೆ.

ಎಲ್ಲರೂ ಹೋಗುವವರೆಗೆ ಅವರು ಕಾದರು. ನಾನು ಮೋಟಾರು ನಿಲ್ಲಿಸಿದ ಮೇಲೆ ಹತ್ತಿರ ಬಂದರು.

"ತಮ್ಮಾ, ನಿಂಗೆ ಎಂತ ಆತು?"

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಎದುರಾಡುತ್ತಿದ್ದೆ. ಕೇಳಿದ ರೀತಿಗೆ ಸಿಟ್ಟು ಇಳಿಯಿತು. ಕಿವಿಯ ಕತೆಯನ್ನು ಹೇಳಿದೆ. ಹೆಂಡತಿಗೂ ಅಷ್ಟು ವಿವರವಾಗಿ ಹೇಳಿರಲಿಲ್ಲ.

ಅವರು ಬೆಂಚಿನ ಮೇಲೆ ಮತ್ತೆ ಕೂತರು. "ನೋಡು, ಒಬ್ಬನಿಗೆ ಬಾಣ ಬಡೀತದೆ. ನೋವಾತದೆ, ಅದು ದೇಹದ್ದು. ಆಮೇಲೆ ಅವ್ನೇ ಇನ್ನೊಂದು ಬಾಣ ತಕ್ಕೊಂಡು ಅದೇ ಗಾಯಕ್ಕೆ ಚುಚ್ಕೊಳ್ತ. ನಂಗೇ ಎಂತಕ್ಕೆ ಆತು, ಯಾವಾಗ ಹೋತದೆ ಅಂತ. ಬುದ್ಧ ಹೇಳಿದ್ದು ಇದು, ನಂದಲ್ಲ. ಮೊದಲ್ನೇದು ನಿನ್ನ ಕೈಯಲ್ಲಿಲ್ಲ. ಎರಡ್ನೇದು ಬಿಡೂಕಾತದೆ."

"ಹೇಂಗೆ ಬಿಡೂದು?"

"ಭಾನುವಾರ ಬಾ. ಮಾತಿನಲ್ಲಿ ಬರೂದಿಲ್ಲ ಅದು."

ಭಾನುವಾರ ಅವರ ಮನೆಯ ಜಗುಲಿಯ ಮೇಲೆ ಕೂತೆ. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಹೋಗುವುದನ್ನು ಬರುವುದನ್ನು ಗಮನಿಸು, ಬೇರೆ ಏನೂ ಮಾಡಬೇಡ ಎಂದರು. ಇಪ್ಪತ್ತೈದು ವರ್ಷ ಹಿಟ್ಟು ಕುಡಿದ ಮೂಗು ಅದು. ಗಮನವಿಟ್ಟ ಕೂಡಲೇ ಸೀನು ಬಂತು. ಒಂದಲ್ಲ, ಏಳೆಂಟು. ಅಕ್ಕೋರು ಕಣ್ಣು ಮುಚ್ಚಿಕೊಂಡೇ ನಕ್ಕರು. "ಸೀನೂ ಬಂದು ಹೋತದೆ. ನೋಡು."

ಹೀಗೆ ಕೆಲವು ತಿಂಗಳು ನಡೆಯಿತು. ಬೇಸಗೆಯಲ್ಲಿ ಹೊನ್ನಾವರದ ಆಚೆ ಹೊಳೆ ದಂಡೆಯ ಮೇಲೆ, ರಜೆಗೆ ಖಾಲಿಯಿದ್ದ ವಸತಿ ಶಾಲೆಯೊಂದರಲ್ಲಿ ಹತ್ತು ದಿನದ ಮೌನ ಶಿಬಿರವಿದೆ, ಹೋಗಿ ಬಾ ಎಂದರು. ನಾನು ಗಿರಣಿಯನ್ನು ಹತ್ತು ದಿನ ಮುಚ್ಚಿದ್ದೇ ಇಲ್ಲ. ಮನೆಯಲ್ಲಿ ಹೇಳಿದಾಗ ಹೆಂಡತಿ ಮೀನು ಹೆಚ್ಚುತ್ತಿದ್ದವಳು ತಲೆಯೆತ್ತಿದಳು.

"ಮುಚ್ಚೂದು ಎಂತಕ್ಕೆ? ನಾ ನೋಡ್ಕೊಳ್ತೆ."

ತೂಕ ಮಾಡುವುದು, ಡಬ್ಬಿ ತೆಗೆದುಕೊಳ್ಳುವುದು ಅವಳು ಮೊದಲಿನಿಂದ ಮಾಡುತ್ತಿದ್ದ ಕೆಲಸ. ಯಂತ್ರದ ಬುಡದಲ್ಲಿ ದಿನವಿಡೀ ನಿಂತಿರಲಿಲ್ಲ. ಬೆಲ್ಟು ಹಾಕುವುದು, ಕಲ್ಲಿನ ಅಂತರ ಹೊಂದಿಸುವುದು ಎರಡು ದಿನ ಕಲಿಸಿದೆ. ಒಂದೇ ಸಲಕ್ಕೆ ಕಲಿತಳು.

ಶಿಬಿರದಲ್ಲಿ ಫೋನು ತೆಗೆದಿಟ್ಟುಕೊಂಡರು. ಬೆಳಗಿನ ಜಾವದಿಂದ ಸಂಜೆಯವರೆಗೆ ಕೂರುವುದು, ನಡುವೆ ಊಟ, ಸಂಜೆಗೆ ಚುರುಮುರಿ ಮತ್ತು ಚಹಾ. ಯಾರ ಮುಖವನ್ನೂ ನೋಡಬಾರದು. ನನ್ನ ಕೋಣೆಯಲ್ಲಿ ಇನ್ನೊಬ್ಬರಿದ್ದರು, ದೊಡ್ಡ ಮೈಯವರು, ಬಿಳಿ ಗಡ್ಡ. ಬಂದ ದಿನ ಕಂಡದ್ದು ಅಷ್ಟೇ, ಆಮೇಲೆ ಹತ್ತು ದಿನ ಅವರ ಚಪ್ಪಲಿ ಮಾತ್ರ ನೋಡಿದೆ.

ನಾನು ಅಲ್ಲಿಗೆ ಹೋದದ್ದು ಶಾಂತಿ ಹುಡುಕಿಕೊಂಡು. ಮೋಟಾರಿಲ್ಲ, ಮಾತಿಲ್ಲ, ಹೊಳೆಯ ನೀರು ಕೂಡ ಸದ್ದಿಲ್ಲದೆ ಹರಿಯುವ ಜಾಗ. ಅಂಥ ನಿಶ್ಶಬ್ದದಲ್ಲಿ ನನ್ನ ಜೀರುಂಡೆ ಹಿಂದೆಂದೂ ಕೂಗದಷ್ಟು ಕೂಗಿತು. ಗಿರಣಿಯ ಸದ್ದು ಅದನ್ನು ಮುಚ್ಚಿಡುತ್ತಿತ್ತು ಎಂದು ಆಗ ಗೊತ್ತಾಯಿತು. ಸುತ್ತ ಅರವತ್ತು ಜನ ಕಣ್ಣು ಮುಚ್ಚಿ ಕೂತಿದ್ದರು. ನನ್ನ ತಲೆಯೊಳಗೆ ಮಾತ್ರ ಯಾರೋ ಬಿಡುವಿಲ್ಲದೆ ಗರಗಸ ಎಳೆಯುತ್ತಿದ್ದರು. ನಾಲ್ಕನೆಯ ದಿನ ಚೀಲ ತುಂಬಿಕೊಂಡು ಶಿಬಿರ ನಡೆಸುತ್ತಿದ್ದ ಗುರುಗಳ ಬಳಿ ಹೋದೆ.

ಅವರು ಕಾರವಾರದ ಕಡೆಯ ನಿವೃತ್ತ ಇಂಜಿನಿಯರು, ಮನೆಮಾತು ಕೊಂಕಣಿ. ನಾನು ಹೇಳಿದ್ದನ್ನೆಲ್ಲ ಕೇಳಿ, "ಹೋಗುವುದಾದರೆ ಹೋಗಿ. ಒಂದು ಪ್ರಶ್ನೆ ಮಾತ್ರ. ಆ ಶಬ್ದ ಒಂದೇ ಉಂಟೊ, ಹೆಚ್ಚು ಉಂಟೊ?" ಎಂದರು.

"ಒಂದೇ. ಜೀರುಂಡೆ."

"ಸರಿಯಾಗಿ ನೋಡಿದ್ದೀರೊ?"

ನೋಡಿರಲಿಲ್ಲ. ಎಂಟು ವರ್ಷ ಅದರಿಂದ ಓಡಿದ್ದೆನೇ ಹೊರತು ಅದರ ಕಡೆ ತಿರುಗಿ ನಿಂತಿರಲಿಲ್ಲ.

"ನಾಳೆ ನೋಡಿ ಹೇಳಿ. ಆಮೇಲೆ ಹೋಗಬಹುದು" ಎಂದರು.

ಮರುದಿನ ಅದನ್ನೇ ನೋಡುತ್ತಾ ಕೂತೆ. ಬೀಸುವವನಿಗೆ ಕಲ್ಲಿನ ಸದ್ದಿನಲ್ಲೇ ಹಿಟ್ಟು ಎಷ್ಟು ನುಣುಪಾಗಿದೆ ಎಂದು ತಿಳಿಯುತ್ತದೆ. ಆ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. ಜೀರುಂಡೆ ಒಂದಲ್ಲ. ಎಡಗಿವಿಯಲ್ಲಿ ತಂತಿಯ ಹಾಗೆ ತೆಳ್ಳಗಿನದೊಂದು, ಬಲಗಡೆ ಸ್ವಲ್ಪ ಒರಟಾದದ್ದು, ಇವೆರಡರ ಅಡಿಯಲ್ಲಿ ಎದೆಬಡಿತದ ಜೊತೆ ಏರಿಳಿಯುವ ಇನ್ನೊಂದು. ಯಾವುದೂ ಒಂದೇ ಸಮನಾಗಿ ಇರಲಿಲ್ಲ. ಏರುತ್ತಿತ್ತು, ಕರಗುತ್ತಿತ್ತು, ಮತ್ತೆ ಬರುತ್ತಿತ್ತು. ನಡುವೆ ಯಾವಾಗಲೋ ಒಂದು ಕ್ಷಣ, ಅದು ಕೇವಲ ಶಬ್ದವಾಗಿತ್ತು. ಸಂಜೆ ರಸ್ತೆಯ ಮೇಲೆ ಹೋಗುವ ರಿಕ್ಷಾದ ಸದ್ದಿನ ಹಾಗೆ. ನನ್ನದಲ್ಲ, ನನ್ನ ವೈರಿಯೂ ಅಲ್ಲ.

ಎಲ್ಲವೂ ಬಂದು ಹೋಗುತ್ತದೆ, ಅನಿತ್ಯ, ಎಂದು ಗುರುಗಳು ದಿನವೂ ಹೇಳುತ್ತಿದ್ದ ಮಾತು ಆ ದಿನ ನನ್ನ ಕಿವಿಯೊಳಗೇ ನಡೆಯಿತು. ಚೀಲ ಬಿಚ್ಚಿ ಅಂಗಿಗಳನ್ನು ಮತ್ತೆ ಗೂಟಕ್ಕೆ ಹಾಕಿದೆ. ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ಎರಡು ದಿನ ಕಳೆದವು.

ಏಳನೆಯ ದಿನ ಮಧ್ಯಾಹ್ನ ಕೂತಿದ್ದಾಗ ನನ್ನ ಹೆಂಡತಿ ಗಿರಣಿಯ ಬಾಗಿಲಲ್ಲಿ ನಿಂತದ್ದು ಕಾಣಿಸಿತು. ನೆನಪು ಎಂದು ಕರೆಯಬೇಕು, ಆದರೆ ಅಷ್ಟು ಸ್ಪಷ್ಟವಾದ ನೆನಪು ನನಗೆ ಹಿಂದೆ ಬಂದಿರಲಿಲ್ಲ. ಅವಳ ಹಸಿರು ಸೀರೆ, ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ಮೊಬೈಲು.

ಅದು ಶಿಬಿರಕ್ಕಿಂತ ಆರು ವರ್ಷ ಹಿಂದಿನ ಚೌತಿಯ ಮುನ್ನಾದಿನ. ಗಿರಣಿಗೆ ಅದಕ್ಕಿಂತ ಗಡಿಬಿಡಿಯ ದಿನ ವರ್ಷದಲ್ಲಿ ಇನ್ನೊಂದಿಲ್ಲ. ಹನ್ನೆರಡರ ಹೊತ್ತಿಗೆ ಡಬ್ಬಿಗಳ ಸಾಲು ರಸ್ತೆಯವರೆಗೆ ಇತ್ತು. ಅವಳ ಬಾಯಿ ಅಲುಗಾಡಿತು. ಮೋಟಾರು ಓಡುತ್ತಿತ್ತು. ನಾನು ಕೈಯಲ್ಲಿ "ಆಮೇಲೆ" ಎಂದು ಸನ್ನೆ ಮಾಡಿದೆ. ಅವಳು ಇನ್ನೊಮ್ಮೆ ಏನೋ ಹೇಳಿದಳು. ನಾನು ಪಕ್ಕದಲ್ಲಿದ್ದ ಡಬ್ಬಿಯೊಂದನ್ನು ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ನೋಡಿದಳು, ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿದಳು, ತಕ್ಕಡಿಯ ಹತ್ತಿರ ಹೋದಳು.

ಸಾಲು ಮುಗಿದದ್ದು ಮೂರು ಗಂಟೆಗೆ. ಆಮೇಲೆ ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: ತವರು ಮಾವಳ್ಳಿಯಿಂದ ಅಣ್ಣ ಫೋನು ಮಾಡಿದ್ದ, ಅಮ್ಮನ ಮಾತು ತೊದಲುತ್ತಿದೆ, ಬಾ ಎಂದು ಕರೆಯುತ್ತಿದ್ದಾಳೆ. ನಾನು, "ಮೊದ್ಲೇ ಹೇಳೂಕಾಗಿತ್ತಿಲ್ವಾ?" ಎಂದೆ. ಹೌದು, ಹಾಗೆಂದೆ. "ಹೇಳ್ದೆ. ನಿಮ್ಗೆ ಕೇಳ್ಸಲಿಲ್ಲ" ಎಂದಳು. ಬಸ್ಸು ಹಿಡಿದು ಅವಳು ಮುಟ್ಟುವಾಗ ಸಂಜೆಯಾಗಿತ್ತು. ಆ ಹೊತ್ತಿಗೆ ತಾಯಿಯ ಮಾತು ಪೂರ್ತಿ ನಿಂತಿತ್ತು. ಎರಡು ದಿನ ಮಗಳ ಮುಖ ನೋಡುತ್ತಾ ಮಲಗಿದ್ದು ತೀರಿಕೊಂಡಳು.

ಶಿಬಿರದ ಆ ಮಧ್ಯಾಹ್ನ ನನಗೆ ಕಂಡದ್ದು ಇಷ್ಟೇ ಆಗಿದ್ದರೆ ಬೇಸರವಾಗುತ್ತಿತ್ತು, ಅಷ್ಟೇ. ಕಂಡದ್ದು ಇನ್ನೂ ಒಂದು. ಬಾಗಿಲಲ್ಲಿ ನಿಂತು ಅವಳು ಎರಡನೆಯ ಸಲ ಹೇಳಿದಾಗ, ಅವಳ ತುಟಿಯ ಮೇಲೆ "ಅಮ್ಮ" ಎಂಬುದನ್ನು ನಾನು ಓದಿದ್ದೆ. "ಮಾವಳ್ಳಿ" ಎಂಬುದು ಸದ್ದಿನ ನಡುವೆ ಅರ್ಧ ಕೇಳಿಸಿತ್ತು. ಅವಳು ಹೋದರೆ ತಕ್ಕಡಿಗೆ ಯಾರು ಎಂಬ ಲೆಕ್ಕಾಚಾರ ತಲೆಯಲ್ಲಿ ಮಿಂಚಿನ ಹಾಗೆ ಹಾದಿತ್ತು. ಆಮೇಲೆ ನಾನು ಡಬ್ಬಿ ಎತ್ತಿದ್ದೆ. ಈ ಕ್ರಮದಲ್ಲೇ ನಡೆದಿತ್ತು. ಕೇಳಿಸಲಿಲ್ಲ ಎಂದು ಆರು ವರ್ಷ ನಾನೂ ನಂಬಿಕೊಂಡಿದ್ದೆ.

ಕಣ್ಣು ತೆರೆಯಬೇಕೆನಿಸಿತು, ತೆರೆಯಲಿಲ್ಲ. ಜೀರುಂಡೆಯನ್ನು ನೋಡಿದ ಹಾಗೆ ಇದನ್ನೂ ನೋಡಲು ಪ್ರಯತ್ನಿಸಿದೆ. ಇದು ಏರಿತು, ಕರಗಲಿಲ್ಲ.

ಹತ್ತನೆಯ ದಿನ ಮೈತ್ರಿಯ ಧ್ಯಾನ ಕಲಿಸಿದರು. ಹತ್ತಿರದವರಿಂದ ಹಿಡಿದು ಕಾಣದವರವರೆಗೆ ಎಲ್ಲರಿಗೂ ಒಳ್ಳೆಯದಾಗಲಿ ಎಂದು ಹಾರೈಸಬೇಕು. ಮುಚ್ಚಳ ಒರೆಸಿಕೊಂಡು ಹೋದ ಮುದುಕಿಗೆ ಹಾರೈಸಿದೆ, ಸಲೀಸಾಗಿ ಬಂತು. ಹೆಂಡತಿಯ ಹತ್ತಿರ ಬಂದಾಗ ಮನಸ್ಸು ನಿಂತುಬಿಟ್ಟಿತು. ಒಳ್ಳೆಯದಾಗಲಿ ಎನ್ನಲು ನನಗೆ ಯಾವ ಮುಖವಿದೆ ಎನಿಸಿತು.

ಮೌನ ಮುಗಿದ ಮೇಲೆ ಕೋಣೆಯ ಬಿಳಿ ಗಡ್ಡದವರು ಮೊದಲ ಸಲ ನನ್ನ ಮುಖ ನೋಡಿದರು. ಭಟ್ಕಳದಲ್ಲಿ ಬಟ್ಟೆ ಅಂಗಡಿಯವರಂತೆ; ಮನೆಯಲ್ಲಿ ಅಲ್ಲಿಯ ಮುಸ್ಲಿಮರಾಡುವ ನವಾಯತಿ ಮಾತು. ರಕ್ತದೊತ್ತಡಕ್ಕೆ ಒಳ್ಳೆಯದೆಂದು ಡಾಕ್ಟರರು ಹೇಳಿದ್ದಕ್ಕೆ ಬಂದವರು. ಕೈ ಹಿಡಿದುಕೊಂಡು, "ಮಾಫ್ ಮಾಡಿ ಭಾಯಿ. ನನ್ನ ಗೊರಕೆಗೆ ಹತ್ತು ದಿವ್ಸ ನಿಮಗೆ ತ್ರಾಸು ಆಯ್ತು" ಎಂದರು.

"ಇಲ್ಲ ಸಾಹೇಬ್ರೆ. ನನ್ನ ಕಿವಿಯ ಕೂಗು ಅದ್ರಲ್ಲೇ ಮುಚ್ಚಿ ಹೋತಿತ್ತು. ನೀವಿಲ್ದಿದ್ರೆ ನಾ ಓಡಿ ಹೋತಿದ್ದೆ."

ಅವರು ಹೊಟ್ಟೆ ಹಿಡಿದು ನಕ್ಕರು. ಗೇಟಿನ ಹತ್ತಿರ ಬೀಳ್ಕೊಡುವಾಗ ಗಂಭೀರವಾಗಿ ಹೇಳಿದರು: "ಇಲ್ಲಿ ಸುಮ್ಮನೆ ಇರೋದು ಸುಲಭ. ಮನೆ ಉಂಟಲ್ಲ, ಅಲ್ಲಿ ನೋಡ್ಬೇಕು."

ಮನೆಯಲ್ಲಿ ನಾನು ಮೊದಲ ವಾರ ಮಾಡಿದ್ದು ಉಪದೇಶ. ಹೇಳಬೇಕಾದ್ದನ್ನು ಹೇಳಲು ಧೈರ್ಯವಿಲ್ಲದ್ದಕ್ಕೆ ಬೇರೆಲ್ಲ ಹೇಳಿದೆ. ಸಿಟ್ಟು ಅನಿತ್ಯ ಎಂದೆ, ಮೌನದಲ್ಲಿ ಎಷ್ಟು ಬಲವಿದೆ ಎಂದೆ. ಅವಳು ತೆಂಗಿನಕಾಯಿ ತುರಿಯುತ್ತಿದ್ದಳು. ಮಣೆಯಿಂದ ಏಳದೆ ಹೇಳಿದಳು:

"ನೀವು ಹತ್ತು ದಿನ ಮಾತಾಡದೆ ಕೂತು ಬಂದ್ರಿ. ನಾ ಎಷ್ಟು ವರ್ಷದಿಂದ ಕೂತಿದ್ದೆ ಈ ಮನೇಲಿ, ಗೊತ್ತದಾ?"

ಆಮೇಲೆ ನಾನು ಉಪದೇಶ ಮಾಡಲಿಲ್ಲ. ಗಿರಣಿ ತೆರೆಯುವ ಮೊದಲು ಒಂದು ತಾಸು ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ಸರಿಯಾಗಿ ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಗಳು ಬಡಿದಾಡುತ್ತಿದ್ದವು. ಶಿಬಿರಕ್ಕೆ ಹೋಗುವ ಮೊದಲು ಹಾಗೆ ಇರಲಿಲ್ಲ. ನನ್ನ ಅನುಪಸ್ಥಿತಿಯಲ್ಲಿ ಅವಳಿಗೇನೋ ಆಗಿದೆ ಎಂದು ಅನಿಸುತ್ತಿತ್ತು, ಕೇಳುವ ಧೈರ್ಯ ಬರಲಿಲ್ಲ.

ಅಕ್ಕೋರಿಗೆ ಎಲ್ಲವನ್ನೂ ಹೇಳಿದೆ. ಈ ಭಾರ ಹೊತ್ತು ಕೂರಲು ಆಗುವುದಿಲ್ಲ, ಅವಳ ಹತ್ತಿರ ಹೇಳಿಬಿಡುತ್ತೇನೆ ಎಂದೆ.

"ಹೇಳಿದ್ರೆ ಯಾರ ಭಾರ ಇಳೀತದೆ, ತಮ್ಮ? ನಿಂದಾ, ಅವಳದ್ದಾ?"

"ಸುಳ್ಳು ಹೇಳ್ಬಾರ್ದು ಅಂತ ನೀವೇ ಹೇಳ್ತ್ರಿ."

"ಹೌದು. ಸತ್ಯ ಇರ್ಬೇಕು, ಹೊತ್ತು ಸರಿ ಇರ್ಬೇಕು, ಕೇಳುವವರಿಗೆ ಉಪಯೋಗ ಇರ್ಬೇಕು. ಮೂರೂ ನೋಡ್ಬೇಕು. ಮೊದ್ಲು ಅವಳ ಮಾತು ಕೇಳು. ಆ ದಿನದ್ದು ಅವಳು ಯಾರ ಹತ್ರಾದ್ರೂ ಹೇಳಿದ್ದಾಳಾ? ನಿಂಗೆ ಹೇಳೂದು ಎಷ್ಟು ಅದೆಯೋ, ಅವಳಿಗೆ ಅದಕ್ಕಿಂತ ಹೆಚ್ಚು ಇರ್ತದೆ."

ಮಳೆ ಶುರುವಾದ ಮೇಲಿನ ಒಂದು ದಿನ, ಹನ್ನೆರಡರ ಹೊತ್ತಿಗೆ ಕರೆಂಟು ಹೋಯಿತು. ಗಿರಾಕಿಗಳಿರಲಿಲ್ಲ. ಅವಳು ಊಟದ ಡಬ್ಬಿ ತಂದವಳು ಮಳೆ ನಿಲ್ಲಲಿ ಎಂದು ಅಕ್ಕಿಯ ಮೂಟೆಯ ಮೇಲೆ ಕೂತಳು. ನಾನು ಡಬ್ಬಿ ತೆರೆಯಲಿಲ್ಲ.

"ಅಮ್ಮಂಗೆ ಹುಷಾರಿಲ್ಲ ಅಂತ ಫೋನು ಬಂದ ದಿನ," ಎಂದೆ, "ನೀನು ಇಲ್ಲಿ ಬಾಗಿಲಲ್ಲಿ ನಿಂತು ಎಂತ ಹೇಳಿದ್ದೆ?"

ಅವಳು ನನ್ನನ್ನೇ ನೋಡಿದಳು. "ಈಗ ಎಂತಕ್ಕೆ?"

"ಹೇಳು. ಕೇಳ್ತೆ."

"ಅಮ್ಮ ಕರೀತಿದ್ದಾಳೆ, ಮಾವಳ್ಳಿಗೆ ಹೋತೆ ಅಂದೆ. ಎರಡು ಸಲ ಅಂದೆ. ನೀವು ಡಬ್ಬಿ ಕೊಟ್ರಿ."

ಮಾತು ನಾಲಿಗೆಯ ತುದಿಯಲ್ಲಿ ಬಂದು ನಿಂತಿತು. ಹೊತ್ತು ಸರಿಯೋ ಅಲ್ಲವೋ ತಿಳಿಯಲಿಲ್ಲ. ಆದರೆ ಅವಳು ಕಾಯುತ್ತಿದ್ದಾಳೆ ಎಂಬುದು ಮುಖದಲ್ಲೇ ಇತ್ತು.

"ನಂಗೆ ಕೇಳ್ಸಿತ್ತು" ಎಂದೆ. "ಪೂರ್ತಿ ಅಲ್ಲ. ಅಮ್ಮ ಅಂದದ್ದು ತಿಳ್ದಿತ್ತು."

ಮಳೆ ಹಂಚಿನ ಮೇಲೆ ಬೀಳುತ್ತಿತ್ತು. ಅವಳು ಅಳುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ ಎಂದುಕೊಂಡೆ.

"ಗೊತ್ತದೆ" ಎಂದಳು.

"ಯಾವಾಗಿಂದ?"

"ಮೊದ್ಲು ಸಂಶಯ ಇತ್ತು. ನಿಮ್ಮ ಕಿವಿ ಸರಿ ಇಲ್ಲ, ಸುಮ್ನೆ ಅನುಮಾನ ಮಾಡೂದು ಪಾಪ ಅಂತ ಬಿಟ್ಟಿದ್ದೆ. ನೀವು ಧ್ಯಾನಕ್ಕೆ ಹೋದ್ರಲ್ಲ, ಆ ಹತ್ತು ದಿನ ನಾ ಅಲ್ಲಿ ನಿಂತೆ." ಯಂತ್ರದ ಪಕ್ಕ ನಾನು ನಿಲ್ಲುವ ಜಾಗವನ್ನು ತೋರಿಸಿದಳು. "ಬಾಗಿಲಲ್ಲಿ ಯಾರು ಎಂತ ಹೇಳಿದ್ರೂ ಅರ್ಧ ತಿಳೀತದೆ. ಬಾಯಿ ನೋಡಿದ್ರೆ ತಿಳೀತದೆ. ನನ್ನ ಕಿವಿ ಗಟ್ಟಿ, ನಿಮ್ದು ಅಲ್ಲ. ಆದ್ರೂ ನಾ ಕಿವಿಗೆ ಹತ್ತಿ ತುಂಬ್ಕೊಂಡು ನೋಡ್ದೆ. ಆಗ್ಲೂ ತಿಳೀತು. ಅದೇ ದಿನ ನಂಗೆ ಖಾತ್ರಿ ಆತು."

ನಾನು ಹೊಳೆ ದಂಡೆಯಲ್ಲಿ ಕಣ್ಣು ಮುಚ್ಚಿ ಕೂತು ಯಾವ ಸತ್ಯವನ್ನು ಕಂಡೆನೋ, ಅದನ್ನು ಇವಳು ಅದೇ ದಿನಗಳಲ್ಲಿ ಹಿಟ್ಟು ಬೀಸುತ್ತಾ, ಕಿವಿಗೆ ಹತ್ತಿ ಇಟ್ಟುಕೊಂಡು ಕಂಡಿದ್ದಳು. ಪಾತ್ರೆಗಳ ಸದ್ದಿನ ಅರ್ಥ ಆಗ ಹೊಳೆಯಿತು.

"ಮತ್ತೆ ಎಂತಕ್ಕೆ ಸುಮ್ನೆ ಇದ್ದೆ?"

"ನೀವು ಹೇಳ್ತ್ರೋ ಇಲ್ವೋ ನೋಡೂದಿತ್ತು." ನನ್ನ ಕಡೆ ನೋಡದೆ, "ಮತ್ತೆ ಡಬ್ಬಿ ಕೊಟ್ಟದ್ದು ನೀವು. ತಕ್ಕೊಂಡದ್ದು ನಾನಲ್ವಾ? ಕೆಳಗಿಟ್ಟು ಬಸ್ಸಿಗೆ ಹೋಗೂಕಾಗಿತ್ತು. ಅದು ನಿಮ್ಮದಲ್ಲ, ನಂದು. ಅದ್ಕೆ ನಾ ಯಾರಿಗೂ ಹೇಳ್ಲಿಲ್ಲ" ಎಂದಳು.

ಕರೆಂಟು ಬಂತು. ಬಲ್ಬು ಹತ್ತಿತು. ನಾನು ಮೋಟಾರಿನ ಗುಂಡಿಗೆ ಕೈ ಹಾಕಲಿಲ್ಲ. ಮಳೆ ಕಡಿಮೆಯಾದ ಮೇಲೆ ಅವಳು ಕೊಡೆ ಬಿಡಿಸಿಕೊಂಡು ಹೋದಳು.

ಆಮೇಲೆ ಮೂರು ವಾರ ಅವಳು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಊಟ ಬಡಿಸುತ್ತಿದ್ದಳು, ಗಿರಣಿಗೆ ಬರುತ್ತಿದ್ದಳು. ಸಿಟ್ಟಿದ್ದಂತೆಯೂ ಕಾಣುತ್ತಿರಲಿಲ್ಲ. ನಾನು ಬೆಳಿಗ್ಗೆ ಕೂತಾಗ ಉಸಿರಿಗಿಂತ ಮೊದಲು ಒಂದು ಆಸೆ ಬಂದು ಕೂರುತ್ತಿತ್ತು: ಇವತ್ತು ಕ್ಷಮಿಸಿದೆ ಎನ್ನಬಹುದೇ? ಆ ಆಸೆಯನ್ನು ನೋಡುವುದೇ ಆ ದಿನಗಳಲ್ಲಿ ನನ್ನ ಧ್ಯಾನವಾಯಿತು. ಅದರ ಒಳಗೆ ಏನಿತ್ತು ಎಂದರೆ, ಮತ್ತೆ ನನ್ನ ಅನುಕೂಲವೇ. ಅವಳು ಕ್ಷಮಿಸಿದರೆ ನಾನು ಹಗುರಾಗಿ ಹಿಟ್ಟು ಬೀಸಬಹುದು. ಅಕ್ಕೋರು ಕೇಳಿದ ಪ್ರಶ್ನೆಯ ತೂಕ ಆಗ ನಿಜವಾಗಿ ತಿಳಿಯಿತು. ಬುದ್ಧನ ಮಾತನ್ನು ಪುಸ್ತಕದಲ್ಲಿ ಓದಿದರೆ ಅದು ಎಲ್ಲೋ ಮರದಡಿಯಲ್ಲಿ ನಡೆದ ಸಂಗತಿ ಎನಿಸುತ್ತದೆ. ನನಗೆ ಅದು ನಡೆದದ್ದು ನಮ್ಮ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆ ಮತ್ತು ಹಳೆಯ ಬೆಲ್ಟುಗಳ ನಡುವೆ.

ಆ ವಾರಗಳಲ್ಲೇ ಹೊನ್ನಾವರಕ್ಕೆ ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡೆ. ಗಿರಣಿಯೊಳಗೆ ಅದನ್ನು ತೆಗೆದಿಟ್ಟು ಕಿವಿ ಮುಚ್ಚುವ ಸಾಧನ ಹಾಕಬೇಕು, ಹೊರಗೆ ಬಂದಾಗ ಮತ್ತೆ ಇದನ್ನು. ಗಿರಾಕಿಯೊಬ್ಬರು, "ಮಾತಾಡೂಕೆ ಫೋನಾ ಅದು?" ಎಂದು ಕೇಳಿದರು. "ಅಲ್ಲ, ಕೇಳೂಕೆ" ಎಂದೆ.

ಒಂದು ಸೋಮವಾರ ಸಂಜೆ ಅವಳೇ ಹೇಳಿದಳು. "ನಾಳೆ ಗಿರಣಿ ಬಂದ್ ಮಾಡಿ. ಮಾವಳ್ಳಿಗೆ ಹೋಗೂದು."

ಹೋದೆವು. ಅವಳ ಅಣ್ಣನ ಮನೆಯಲ್ಲಿ ಚಹಾ ಕುಡಿದು, ಗದ್ದೆಯ ಅಂಚಿನಲ್ಲಿ ನಡೆದೆವು. ತಾಯಿ ಎಲ್ಲಿ ಸೊಪ್ಪು ಬೆಳೆಯುತ್ತಿದ್ದಳು, ಯಾವ ಬಾವಿಯಿಂದ ನೀರು ಹೊರುತ್ತಿದ್ದಳು ಎಂದು ತೋರಿಸಿದಳು. ಇಪ್ಪತ್ತು ಸಲವಾದರೂ ಬಂದ ಊರು ಅದು. ಒಂದನ್ನೂ ನಾನು ನೋಡಿರಲಿಲ್ಲ. ವಾಪಸು ಬರುವಾಗ ಹೆದ್ದಾರಿಯ ಬಸ್‌ ಸ್ಟಾಪಿನಲ್ಲಿ ಬೆಂಚಿನ ಮೇಲೆ ಕೂತಾಗ ಅವಳು ಹೇಳಿದಳು:

"ನಂಗೆ ಅಮ್ಮನ ಮುಖ ನೆನಪದೆ. ದನಿ ನೆನಪಾಗೂದಿಲ್ಲ. ಎಷ್ಟು ಪ್ರಯತ್ನ ಮಾಡಿದ್ರೂ ಬರೂದಿಲ್ಲ. ಆ ದಿನ ಬೇಗ ಹೋಗಿದ್ರೆ ಒಂದು ಮಾತಾದ್ರೂ ಇರ್ತಿತ್ತು."

ನಾನು ಈ ಸಲ ಅನಿತ್ಯ ಎನ್ನಲಿಲ್ಲ. ಅವಳು ಮುಂದುವರಿಸಿದಳು: ತಾಯಿ ಬೈಯುತ್ತಿದ್ದ ರೀತಿ, ಮೀನಿನ ಬುಟ್ಟಿಯವಳ ಜೊತೆ ಚೌಕಾಸಿ ಮಾಡುತ್ತಿದ್ದದ್ದು, ಕೊಂಕಣಿಯ ನೆರೆಯವರ ಜೊತೆ ಅವರ ಮಾತಿನಲ್ಲೇ ಜಗಳವಾಡಿ ಅವರ ಮಾತಿನಲ್ಲೇ ರಾಜಿಯಾಗುತ್ತಿದ್ದದ್ದು. ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಪ್ರತಿ ಲಾರಿಗೆ ಅವಳ ಮಾತಿನ ತುಂಡೊಂದು ಕಳೆದು ಹೋಗುತ್ತಿತ್ತು. ಮೊದಲಾದರೆ ತಲೆಯಾಡಿಸಿ ಸುಮ್ಮನಿರುತ್ತಿದ್ದೆ.

"ತಡಿ, ಅದು ಕೇಳ್ಸಲಿಲ್ಲ" ಎಂದೆ. "ಇನ್ನೊಂದು ಸಲ ಹೇಳು."

ಅವಳು ನನ್ನ ಮಿಷನ್ ಇರುವ ಕಿವಿಯ ಕಡೆಗೆ ಬಂದು ಕೂತು ಮತ್ತೆ ಹೇಳಿದಳು. ದನಿ ಎತ್ತರಿಸಿ, ತಾಯಿ ಹೇಗೆ ಬೈಯುತ್ತಿದ್ದಳೋ ಹಾಗೇ ಕೈ ಬೀಸಿ, ಕೊಂಕಣಿಯಲ್ಲಿ ಬೈದು ತೋರಿಸಿದಳು. ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗಿಯರು ನಮ್ಮಿಬ್ಬರಿಗೆ ಜಗಳವೆಂದು ತಿಳಿದು ಆಚೆ ಸರಿದರು. ಕುಮಟಾದ ಬಸ್ಸೊಂದು ಬಂದು ನಿಂತಿತು. ಅವಳ ಮಾತು ಮುಗಿದಿರಲಿಲ್ಲ. ಬಸ್ಸಿಗೆ ಕೈ ತೋರಿಸದೆ ಕೂತೇ ಇದ್ದೆವು. ಅದು ಹೋಯಿತು.

ಕ್ಷಮಿಸಿದೆ ಎಂದು ಅವಳು ಈವರೆಗೆ ಹೇಳಿಲ್ಲ, ನಾನೂ ಕೇಳಿಲ್ಲ. ಬೆಳಿಗ್ಗೆ ನಾನು ಕೂರುವ ಹೊತ್ತಿಗೆ ಅವಳು ಅಂಗಳ ಗುಡಿಸುತ್ತಾಳೆ. ನನ್ನ ಜೊತೆ ಕೂರು ಎಂದು ಒಮ್ಮೆ ಕರೆದೆ, "ನಂಗೆ ಬೇಡ, ನಿಮಗೆ ಬೇಕು" ಎಂದಳು. ಅಕ್ಕೋರ ಮನೆಗೆ ಮಾತ್ರ ಈಗ ಅವಳೂ ಹೋಗುತ್ತಾಳೆ, ಧ್ಯಾನಕ್ಕಲ್ಲ, ಮಾತಾಡಲು. ಅಲ್ಲಿ ಏನು ಮಾತಾಡುತ್ತಾರೋ ನನಗೆ ಹೇಳುವುದಿಲ್ಲ. ಕೂಗು ಮೂರೂ ಎಳೆಗಳಲ್ಲಿ ನಡೆದೇ ಇದೆ, ಇದನ್ನು ಬರೆಯುತ್ತಿರುವಾಗಲೂ. ಈ ವರ್ಷದಿಂದ ಚೌತಿಯ ಮುನ್ನಾದಿನ ಗಿರಣಿ ಮಧ್ಯಾಹ್ನ ಹನ್ನೆರಡಕ್ಕೆ ಮುಚ್ಚುತ್ತದೆ ಎಂದು ಬಾಗಿಲ ಮೇಲೆ ಬೋರ್ಡು ಬರೆಸಿ ಹಾಕಿದ್ದೇನೆ. ಕಾರಣ ಕೇಳಿದವರಿಗೆ ಹೆಂಡತಿಯೇ ಉತ್ತರ ಕೊಡುತ್ತಾಳೆ: "ಹಿಟ್ಟು ಬೇಕಾದ್ರೆ ಎರಡು ದಿನ ಮೊದ್ಲೇ ಬನ್ನಿ."